ಎಡಗಾಲಿನ ಚಪ್ಪಲಿ

ಮಳವಳ್ಳಿ,
ಸೋಮವಾರ, ಮಾರ್ಚ್ 9
ಬೆಳಗಿನ ಹತ್ತು ಗಂಟೆ

ಲಾರಿ ಏರಿದ ಮೊಮ್ಮಗಳು ಶೋಭಿತಾಗೆ ಕೋಲು ಊರಿದ ತಾತ ಪುಟ್ಟಮಾದಯ್ಯನ ಮುದ್ದುಗಳು.

ಹೇಗಿದ್ದೀಯ ಮಗಾ? ಎಡಮಂಡಿ ಊತ ಇಳಿಯಿತೋ ಇಲ್ಲವೋ? ಕ್ಲಚ್ಚು ತುಳಿದೂ ತುಳಿದೂ ಮಂಡಿ ಮಡಚೋಕೇ ಆಗ್ತಿಲ್ಲ ಅಂದಿದ್ದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೂ ಎಡಗಾಲೇ ಎಳೀತಿದೆ. ಮಂಡ್ಯದ ಹುಡುಗಿ ಮದ್ದೂರಿನ ಮಂಡಿಯಿಂದ ಮಾಲು ತುಂಬಿಕೊಂಡು ಹೋಗಿ ಮಂಡಿ ನೋವು ತಂದುಕೊಂಡಳು ಅಂತ ನಗೋಣ ಅಂದುಕೊಂಡೆ, ಪೂರ್ತಿ ನಗು ಬರಲಿಲ್ಲ. ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ? ಆ ಕಡೆ ರೊಟ್ಟಿ ಬಿಟ್ಟರೆ ಬೇರೆ ಏನೂ ಸಿಗೋದಿಲ್ಲವಂತೆ. ಮುದ್ದೆ ಇಲ್ಲದ ಊರಲ್ಲಿ ನಿದ್ದೆ ಹೇಗೆ ಬರುತ್ತದೋ ಕಾಣೆ. ನನ್ನ ಆರೋಗ್ಯ ಚೆನ್ನಾಗಿದೆ. ನಾಲ್ಕಿದ್ದ ಹಲ್ಲು ಮೂರಾಗಿದೆ. ಆಟೋ ಥರ ಮೂರರ ಮೇಲೇ ಓಡಿಸ್ತಿದ್ದೇನೆ, ಮುದ್ದೆಗೆ ತೊಂದರೆ ಇಲ್ಲ, ಚಕ್ಕುಲಿ ಬಂದರೆ ಮಾತ್ರ ಗಾಡಿ ನಿಲ್ಲಿಸಿಬಿಡುತ್ತೇನೆ. ನಿಮ್ಮಪ್ಪ ಸಿದ್ದೇಶನೂ ಚೆನ್ನಾಗಿದ್ದಾನೆ. ನಾನು ಏನಂದರೂ ಹೂಂ ಅಂತಾನೆ, ನಿಮ್ಮಮ್ಮ ಏನಂದರೂ ಹೂಂ ಅಂತಾನೆ. ಅವನ ಕತ್ತು ಒಂದು ದಿನ ಕಳಚಿ ಬೀಳುತ್ತದೆ ಅಂತ ನನಗೆ ಭಯ.

ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಯಾಕೆ ಬರೀತಿದ್ದಾನೆ ಮುದುಕ ಅಂತ ನೀನು ಕೇಳಬಹುದು. ಶನಿವಾರ ನೀನು ನಾಗಪುರದಿಂದ ಫೋನು ಮಾಡಿ ಅತ್ತೆಯಲ್ಲ, ಆಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಎಪ್ಪತ್ತಾರು ವರ್ಷದಲ್ಲಿ ಈ ಬಾಯಿ ಮುಚ್ಚಿಕೊಂಡಿದ್ದು ಇದು ಎರಡನೇ ಸಲ, ಮೊದಲನೇದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. “ಈ ಟ್ರಿಪ್ ಮುಗಿಸ್ಬುಟ್ಟು ಸಾಹುಕಾರ್ರಿಗೆ ಕೀ ಕೊಟ್ಬುಡ್ತೀನಿ ತಾತ. ಎತ್ತ ಅಮ್ಮನೇ ತಿರುಗಿ ನೋಡ್ದಿದ್ ಮ್ಯಾಲೆ ಯಾವ್ ಸುಖಕ್ಕೆ ಓಡುಸ್ಲಿ?” ಅಂದೆ. ಆಮೇಲೆ, “ನೀನೂ ನಂಗೆ ಸುಳ್ಳೇಳ್ದೆ ಕಣ್ ತಾತ” ಅಂದೆ. ಆ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಧೈರ್ಯ ಇರಲಿಲ್ಲ. ಕಾಗದದಲ್ಲಾದರೆ ಹೆದರಿಕೆಯಾದಾಗ ಪೆನ್ನು ಕೆಳಗಿಟ್ಟು ಒಂದು ಸುತ್ತು ಹಿತ್ತಲಿಗೆ ಹೋಗಿ ಬರಬಹುದು. ಈಗಾಗಲೇ ಒಂದು ಸಲ ಹೋಗಿ ಬಂದೆ. ನಿನಗೆ ವಾಪಸ್ ಲೋಡು ಸಿಗೋದು ಶುಕ್ರವಾರ ಅಂದಿದ್ದೆ. ಬಾಬು ಜಾನ್ ನಾಳೆ ಬೆಳಿಗ್ಗೆ ಮದ್ದೂರಲ್ಲಿ ಎಳನೀರು ತುಂಬಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದಾನೆ, ಕಿತ್ತಲೆ ಲೋಡಾಗುವುದರೊಳಗೆ ನಿನ್ನ ಕೈಗೆ ಇದನ್ನು ಮುಟ್ಟಿಸುತ್ತಾನೆ. ಅವನ ಹತ್ತಿರ ಲಾರಿ ಕಲಿತವಳು ನೀನು, ನಿನ್ನ ಗುರುವೇ ನನ್ನ ಪೋಸ್ಟ್‌ಮನ್ನು.

ನಿನ್ನ ಮೊದಲ ವಾರದ ಫೋನುಗಳೆಲ್ಲ ನನಗೆ ಬಾಯಿಪಾಠ. ನಿಂತ ಲಾರಿಯಲ್ಲಿ ಮಲಗಿರುವಾಗ ಲಾರಿ ತಾನಾಗಿ ಉರುಳುತ್ತಿದೆ ಅನ್ನಿಸಿ ಎದ್ದು ಕೂತು ಬರಿಗಾಲಲ್ಲಿ ಬ್ರೇಕು ತುಳಿದೆ ಅಂದಿದ್ದೆ. ಬಂಕಿನಲ್ಲಿ ಸ್ನಾನಕ್ಕೆ ಹೋದಾಗ ಚಿಲಕ ಇಲ್ಲದ ಬಾಗಿಲಿಗೆ ಬಕೆಟ್ಟು ಒತ್ತಿಟ್ಟು, ಜೋರಾಗಿ ಹಾಡು ಹೇಳಿಕೊಂಡು ಎರಡು ಚೆಂಬು ಸುರಿದುಕೊಂಡು ಓಡಿ ಬಂದೆ ಅಂದಿದ್ದೆ. ಡಾಬಾದವನು ನಿನ್ನ ಮುಂದೆ ಒಂದೇ ತಟ್ಟೆ ಇಟ್ಟು, ಡ್ರೈವರ್ ಎಲ್ಲಿ, ಅವರ ಊಟ ಆಮೇಲಾ ಅಂತ ಕೇಳಿದನಂತೆ. ನೀನು ತಿಂದು ಕೈ ತೊಳೆದು, ಅವನು ನೋಡುತ್ತಿದ್ದ ಹಾಗೇ ಆ ಇಕ್ಕಟ್ಟಿನ ಜಾಗದಿಂದ ಹದಿನಾಲ್ಕು ಚಕ್ರದ ಗಾಡಿಯನ್ನು ರಿವರ್ಸು ತೆಗೆದೆಯಂತೆ. ಅದನ್ನು ಕೇಳಿದ ದಿನ ನಾನು ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಟೀ ಕೊಡಿಸಿದೆ. ನನ್ನ ಜನ್ಮದಲ್ಲಿ ನಾನು ಟೀ ಕೊಡಿಸಿದ್ದು ಯಾರೂ ಕಂಡಿರಲಿಲ್ಲವಲ್ಲ, ಒಬ್ಬರೂ ಲೋಟ ಮುಟ್ಟಲಿಲ್ಲ. ಏನೋ ಬೆರೆಸಿದ್ದಾನೆ ಅಂದುಕೊಂಡರು. ನನ್ನ ಹಳೇ ಗೆಳೆಯ ಮಾದಯ್ಯನಂತೂ ಮೂಸಿ ನೋಡಿ, “ಮೊದ್ಲು ನೀನ್ ಕುಡಿ ಲೇ” ಅಂದ.

ಅವನು ಹಾಗೆ ಅನ್ನುವುದರಲ್ಲಿ ತಪ್ಪಿಲ್ಲ. ನಾವಿಬ್ಬರೂ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಕಾಲದ ಕಥೆ ನಿನಗೆ ಅರ್ಧ ಗೊತ್ತು. ಮಂಡ್ಯದ ಫ್ಯಾಕ್ಟರಿಗೆ ಸಾಲಾಗಿ ಹೋಗುತ್ತಿದ್ದೆವು. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಗಾಡಿ ಮೇಲೇ ನಿದ್ದೆ, ಎತ್ತುಗಳಿಗೆ ದಾರಿ ಗೊತ್ತು. ಒಂದು ದಿನ ಮಾದಯ್ಯ ಗೊರಕೆ ಹೊಡೆಯುತ್ತಿದ್ದಾಗ ನಾನು ಸದ್ದಿಲ್ಲದೆ ಇಳಿದು ಅವನ ಎತ್ತುಗಳನ್ನು ಮೆಲ್ಲಗೆ ಊರಿನ ಕಡೆಗೆ ತಿರುಗಿಸಿ ಬೆನ್ನು ತಟ್ಟಿ ಬಿಟ್ಟೆ. ಸಂಜೆ ಕಣ್ಣು ಬಿಟ್ಟರೆ ಫ್ಯಾಕ್ಟರಿ ಇಲ್ಲ, ತೂಕದವನಿಲ್ಲ, ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ, “ಕಬ್ಬ ನಂಗ್ ತಂದ್ಯಾ, ಸಕ್ರೆ ಮಾಡ್ಲಾ?” ಅಂತಾಳೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ ಇನ್ನರ್ಧ ಕೇಳು. ನಾನು ಹೊಸದಾಗಿ ಗಾಡಿ ಕಟ್ಟಿದ ವರ್ಷ ಮೊದಲನೇ ಲೋಡು ತಗೊಂಡು ಫ್ಯಾಕ್ಟರಿ ಮುಂದೆ ಎರಡು ದಿನ ಸಾಲಿನಲ್ಲಿ ಕಾದೆ. ಮುಂದೆ ಇನ್ನೂರು ಗಾಡಿ, ಹಿಂದೆ ಇನ್ನೂರು ಗಾಡಿ. ಬಿಸಿಲಿಗೆ ಕಬ್ಬು ಒಣಗುತ್ತಿದೆ, ಎತ್ತು ಬಾಯಾರಿ ನನ್ನ ಮುಖ ನೋಡುತ್ತಿವೆ, ಯಾರೂ ನನ್ನ ಕಡೆ ತಿರುಗಿ ಊಟ ಆಯಿತಾ ಅಂತಲೂ ಕೇಳಲಿಲ್ಲ. ಗಾಡಿ ಕೆಳಗೆ ಚಕ್ರಕ್ಕೆ ಒರಗಿ ಕೂತು ಅತ್ತೆ ಕಣವ್ವ. ದೊಣ್ಣೆಯಂಥ ಗಂಡಸು, ಮೀಸೆ ಬೇರೆ ಬಿಟ್ಟಿದ್ದೆ. ಗಾಡಿ ಹೊಡೆಯೋದನ್ನು ಅಪ್ಪ ಹದಿನೈದು ದಿನದಲ್ಲಿ ಕಲಿಸಿದ್ದ. ಕಾಯೋದನ್ನು ಯಾರೂ ಕಲಿಸಿರಲಿಲ್ಲ. ನೀನು ನಾಗಪುರದಲ್ಲಿ ಖಾಲಿ ಗಾಡಿ ನಿಲ್ಲಿಸಿಕೊಂಡು ಲೋಡಿಗೆ ಕಾಯುತ್ತಾ ಅತ್ತಾಗ ನನಗೆ ನೆನಪಾಗಿದ್ದು ಆ ಚಕ್ರ. ಓಡುವಾಗ ಯಾರಿಗೂ ಅಳು ಬರುವುದಿಲ್ಲ, ನಿಂತಾಗಲೇ ಬರೋದು.

ಆದರೆ ನೀನು ಅತ್ತಿದ್ದು ಬರೀ ಕಾದು ಸಾಕಾಗಿ ಅಲ್ಲ ಅನ್ನೋದು ನನಗೆ ಗೊತ್ತು. ಅಲ್ಲಿಗೇ ಬರುತ್ತೇನೆ, ಸುತ್ತಿ ಬಳಸಿಯಾದರೂ.

ಜನವರಿ ಕೊನೆಯಲ್ಲಿ ನೀನು ಲಾರಿ ಹತ್ತುತ್ತೇನೆ ಅಂದಾಗ ನಿಮ್ಮಮ್ಮ ಸೌಮ್ಯ ಅಂದಿದ್ದು ಈ ಮನೆ ಗೋಡೆಗೂ ನೆನಪಿದೆ. “ಟ್ಯಾಕ್ಟ್ರು ಓಡುಸ್ದೆ, ಸರಿ ಅಂದೆ, ಸಂಜಿಗೆ ಮನೆ ಸೇರ್ತಿದ್ದೆ. ಲಾರಿ ಅಂದ್ರೆ ಎಲ್ ಮನಗ್ತೀಯ, ಎಲ್ ಏಳ್ತೀಯ, ಜರ ಬಂದ್ರೆ ಒಂದ್ ಲೋಟ ನೀರ್ ಕೊಡೋರ್ ಯಾರು? ಲಾರಿ ಅತ್ತೋದಾದ್ರೆ ಅತ್ತು. ನನ್ ಕೂಡೆ ಮಾತ್ರ ಮಾತಾಡ್ಬೇಡ.” ಊರವರ ಮಾತಿಗೆ ಹೆದರುವ ಹೆಂಗಸಲ್ಲ ಅವಳು. ಗೆಜ್ಜಲಗೆರೆ ಗಾರ್ಮೆಂಟ್ಸಿಗೆ ಕಂಪನಿ ಬಸ್ಸಿನಲ್ಲಿ ಹನ್ನೆರಡು ವರ್ಷದಿಂದ ಹೋಗುತ್ತಿದ್ದಾಳೆ, ಮೊದಲ ದಿನ ಅವಳ ಮೇಲೂ ನೂರು ಮಾತು ಬಂದಿದ್ದವು. ಅವಳಿಗೆ ಇದ್ದದ್ದು ಆ ಒಂದು ಲೋಟ ನೀರಿನ ಭಯ. ಇನ್ನೊಂದು ಸಣ್ಣ ಆಸೆಯೂ ಇತ್ತು ಅನ್ನು. ನಿನ್ನ ಕೈಗೊಂದು ಉಂಗುರ ಹಾಕಿಸಬೇಕು ಅಂತಿದ್ದಳು, ನೀನು ಹೋಗಿ ಸ್ಟೇರಿಂಗು ಹಿಡಿದೆ. “ಇವ್ಳಿಗೆ ಇಸ್ಟೇ ರಿಂಗು ಕಣವ್ವ” ಅಂತ ನಾನು ನಗಿಸೋಕೆ ಹೋಗಿ ಎರಡು ದಿನ ನನಗೆ ತಣ್ಣಗಿನ ಸಾರು ಬಿತ್ತು. ಇನ್ನೊಂದು ದಿನ, ಲಾರಿ ಅಂದರೆ ಮರ್ಯಾದೆಯ ಗಾಡಿ ಕಣವ್ವ, ಗೆಳೆಯನಿಗೆ ಲಾ ಅಂತೀವಿ, ದೊಡ್ಡವರಿಗೆ ರೀ ಅಂತೀವಿ, ಎರಡನ್ನೂ ಸೇರಿಸಿ ಕರೆಸಿಕೊಳ್ಳೋದು ಅದೊಂದೇ ಅಂದೆ. ಆವತ್ತು ಸಾರೇ ಇಲ್ಲ.

ನಡುವೆ ಎರಡು ಸಲ ನೀನು ಮನೆಗೆ ಬಂದೆ. ತಟ್ಟೆ ಇಟ್ಟಳು, ಮುದ್ದೆ ಹಾಕಿದಳು, ನಿನ್ನ ಮುಖ ನೋಡದೆ ನನ್ನ ಕಡೆ ತಿರುಗಿ, “ಇನ್ನರ್ಧ ಬೇಕಂತಾ ಕೇಳಿ ಮಾವ” ಅಂದಳು. ನಾನು ಪಕ್ಕದಲ್ಲೇ ಕೂತ ನಿನ್ನನ್ನು ಬೇಕಾ ಅಂತ ಕೇಳಿ, ಬೇಕಂತೆ ಅಂತ ಅವಳಿಗೆ ಹೇಳಿದೆ. ಎರಡು ಮೊಳ ದೂರದ ಮಾತಿಗೆ ನಾನು ಟವರ್ ಆಗಿ ನಿಂತೆ. ಆಗಲೇ ನನ್ನ ಹಳೇ ಬುದ್ಧಿ ಎದ್ದಿತು. ನೀನು ದಾರಿಯಿಂದ ಫೋನು ಮಾಡಿದಾಗೆಲ್ಲ, ನಿಮ್ಮಮ್ಮ ಕೇಳಿದಳು ಉಂಡೆಯಾ ಅಂತ, ನಿಮ್ಮಮ್ಮ ಹೇಳಿದಳು ತಲೆಗೆ ಎಣ್ಣೆ ಹಚ್ಚಿಕೋ ಅಂತ, ಎದುರಿಗೆ ಹಠ ಅಷ್ಟೇ ಮಗಾ ಹಿಂದೆ ಬರೀ ನಿನ್ನದೇ ಜಪ ಅಂತ ಹೇಳುತ್ತಾ ಹೋದೆ. ಒಂದೂ ಅವಳು ಅಂದಿದ್ದಲ್ಲ. ಎಲ್ಲ ನಾನೇ ಹೊಸೆದದ್ದು. ನಿನ್ನ ದನಿ ಆ ಕಡೆ ಸ್ವಲ್ಪ ಹಗುರಾಗುವುದು ಕೇಳಿಸುತ್ತಿತ್ತಲ್ಲ, ಅದರ ಆಸೆಗೆ ಇನ್ನೊಂದು, ಮತ್ತೊಂದು. ಹೋದ ಟ್ರಿಪ್ಪಿಗೆ ಹುರುಳಿಕಾಳು ಚಟ್ನಿಪುಡಿ ಕಳಿಸಿ ನಿಮ್ಮಮ್ಮ ಕುಟ್ಟಿದ್ದು ಅಂದೆನಲ್ಲ, ಅದನ್ನು ಕುಟ್ಟಿದ್ದು ಬಾಬು ಜಾನನ ಹೆಂಡತಿ ನೂರುನ್ನೀಸಾ. ನಾನೇ ಹೋಗಿ ಬೇಡಿಕೊಂಡು ಕುಟ್ಟಿಸಿದ್ದು. ಯಾರಿಗೂ ಹೇಳಬೇಡಮ್ಮ ಅಂತ ಹೇಳುವುದನ್ನು ಮರೆತೆ. ನೋಡು, ಐವತ್ತು ವರ್ಷದ ಕೀಟಲೆ ಕಸುಬು, ಎಂಥ ತಪ್ಪು. ಆಯಮ್ಮ ಶನಿವಾರ ನಿನಗೆ ಫೋನು ಮಾಡಿ, “ಚಟ್ನಿಪುಡಿ ಕಾರ ಜಾಸ್ತಿ ಆಯ್ತಾ ಬೇಟಿ?” ಅಂದರಂತೆ. ಒಳ್ಳೆಯ ಹೆಂಗಸರನ್ನು ಇಂಥ ಕೆಲಸಕ್ಕೆ ಸೇರಿಸಿಕೊಳ್ಳಬಾರದು.

ಒಂದು ಪುಡಿ ಸುಳ್ಳಾದ ಮೇಲೆ ಉಳಿದದ್ದೆಲ್ಲವೂ ಸುಳ್ಳು ಅಂತ ನಿನಗೆ ಗೊತ್ತಾಗಿಹೋಯಿತು. ನಲವತ್ತು ದಿನದಿಂದ ಅಮ್ಮ ನಿನ್ನ ಹೆಸರೇ ಎತ್ತಿಲ್ಲ ಅಂತ ಒಂದೇ ಏಟಿಗೆ ಬಡಿಯಿತು. ಮಾದಯ್ಯನ ಎತ್ತು ತಿರುಗಿಸಿದೆ, ಅವನಿಗೆ ಒಂದು ದಿನ ಹೋಯಿತು, ಅಷ್ಟೇ. ನಿನ್ನನ್ನು ತಿರುಗಿಸಿದ್ದು ಹಾಗಲ್ಲ. ಎಳನೀರು ಹೊತ್ತುಕೊಂಡು ಹೋದ ನನ್ನ ಕೂಸು ಕಣ್ಣೀರು ಹೊತ್ತುಕೊಂಡು ವಾಪಸ್ಸು ಬರುವ ಹಾಗೆ ಮಾಡಿದವನು ನಾನೇ. ತಪ್ಪಾಯಿತು ಮಗಾ. ಇದನ್ನು ಬರೆದು ಈಗ ಎರಡನೇ ಸಲ ಹಿತ್ತಲಿಗೆ ಹೋಗಿ ಬಂದೆ.

ಇನ್ನೂ ಒಂದು ಕಳ್ಳತನ ಬಾಕಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಲಾರಿ ಪೂಜೆಯ ದಿನ ಮದ್ದೂರಿನ ಮಂಡಿಯಲ್ಲಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು, ಕುಂಬಳಕಾಯಿ ಒಡೆದಾಯಿತು. ನೀನು ಮಾತ್ರ ಊದುಬತ್ತಿ ಹಿಡಿದುಕೊಂಡು ಗೇಟಿನ ಕಡೆಗೇ ನೋಡುತ್ತಿದ್ದೆ. ಮಳವಳ್ಳಿ ಬಸ್ಸು ಬಂದಾಗಲೆಲ್ಲ ಕತ್ತು ಉದ್ದ ಮಾಡುತ್ತಿದ್ದೆ. ಎರಡು ಬಸ್ಸು ಬಂತು, ನಿಮ್ಮಮ್ಮ ಬರಲಿಲ್ಲ. ಆಗ ಬಾಬು, “ದೃಷ್ಟಿಗೆ ಹಿಂದ್ಗಡೆ ಒಂದ್ ಹಳೇ ಚಪ್ಲಿ ಕಟ್ಬೇಕಲ್ಲಣ್ಣ, ಯಾರ್ದಾದ್ರೂ ನೋಡಿ” ಅಂದ. ಹೊಸ ಗಾಡಿಗೆ ಯಾರ ಕಣ್ಣು ಬಿದ್ದರೂ ಮೊದಲು ಆ ಚಪ್ಪಲಿ ಮೇಲೆ ಬಿದ್ದು ಅಲ್ಲೇ ಸಾಯಲಿ ಅಂತ ಲಾರಿಯವರ ನಂಬಿಕೆ. ನಾನು ಚೀಲದಿಂದ ಒಂದು ಕರಿಮಸಿಯಾದ ಎಡಗಾಲಿನ ಚಪ್ಪಲಿ ತೆಗೆದೆ. ಯಾರದು ತಾತ ಅಂತ ನೀನು ಮುಖ ಕಿವುಚಿದೆ. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿತ್ತು ಅಂದೆ. ಅದು ಬಿದ್ದಿದ್ದಲ್ಲ ಮಗಾ, ನಮ್ಮ ಜಗುಲಿಯಿಂದ ನಾನೇ ಕದ್ದಿದ್ದು. ನಿಮ್ಮಮ್ಮನದು. ನೀನು ಗುರುತು ಹಿಡಿದುಬಿಡುತ್ತೀಯ ಅಂತ ಬಾಣಲೆ ಮಸಿ ಬಳಿದಿದ್ದೆ. ಚಿಕ್ಕಂದಿನಲ್ಲಿ ನಿನಗೂ ನಿಮ್ಮಮ್ಮನ ಚಪ್ಪಲಿಗಳಿಗೂ ಬೆನ್ನಿನ ಕಡೆಯಿಂದ ಒಳ್ಳೇ ಪರಿಚಯ ಇತ್ತಲ್ಲ, ಅದಕ್ಕೇ.

ಯಾಕೆ ಹಾಗೆ ಮಾಡಿದೆ ಅಂದರೆ, ಹಿಂದಿನ ದಿನ ಬಾ ಅಂತ ಅವಳನ್ನು ಕರೆದೆ. ಬರಲ್ಲ ಅಂದಳು. ನಿಮ್ಮಪ್ಪನ ಕೈಯಲ್ಲಿ ಕರೆಸಿದೆ, ಅವನು ಹೋಗಿ ಅವಳು ಅಂದಿದ್ದಕ್ಕೆ ಹೂಂ ಅಂದು ಬಂದ. ಅವಳಂತೂ ಬರಲ್ಲ, ಅವಳ ಒಂದು ಕಾಲಾದರೂ ನನ್ನ ಕೂಸಿನ ಹಿಂದೆ ಹೋಗಲಿ ಅನ್ನಿಸಿತು. ಇದನ್ನು ನಾನು ತಮಾಷೆಗೆ ಮಾಡಲಿಲ್ಲ. ಮಾಡಿದ ರೀತಿ ಮಾತ್ರ ತಮಾಷೆಯದು, ನನಗೆ ಬೇರೆ ರೀತಿ ಬರುವುದಿಲ್ಲವಲ್ಲ. ನೀನು ಚಿತ್ರದುರ್ಗ ದಾಟಿದೆ ಅಂದಾಗ ಸೌಮ್ಯ ಚಿತ್ರದುರ್ಗ ದಾಟಿದಳು ಅಂತ ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಇತ್ತ ಇವಳು ಮನೆಯಲ್ಲಿ ಎಡಗಾಲಿಗೆ ಹುಡುಕಾಟ. ಮಂಚದ ಕೆಳಗೆ, ನೀರಿನ ತೊಟ್ಟಿ ಹಿಂದೆ, ಸೌದೆ ಒಟ್ಟಿಲಲ್ಲಿ. “ಮಾವ, ನನ್ ಎಡಗಾಲಿನ ಚಪ್ಲಿ ಕಂಡ್ರಾ?” “ನಾನ್ಯಾಕ್ ನಿನ್ ಕಾಲ್ ನೋಡ್ಲವ್ವ” ಅಂದೆ. ಕೊನೆಗೆ ಪಕ್ಕದ ಮನೆ ಯಶೋದಮ್ಮನ ನಾಯಿ ಮೇಲೆ ತಪ್ಪು ಹೋಯಿತು. ಅದು ಜಗುಲಿ ಹತ್ತಿದಾಗೆಲ್ಲ ಕಳ್ಮುಂಡೇದೇ ಅಂತ ಪೊರಕೆ ಎತ್ತುತ್ತಿದ್ದಳು. ಆ ನಾಯಿ ನನ್ನ ಮುಖ ನೋಡುವುದು, ನಾನು ಆಕಾಶ ನೋಡುವುದು. ದಿನಾ ಎರಡು ಬಿಸ್ಕತ್ತು ಹಾಕಿ ಅದರ ಋಣ ತೀರಿಸುತ್ತಾ ಬಂದಿದ್ದೇನೆ.

ನಿನ್ನೆ ಭಾನುವಾರ ಎಲ್ಲ ಬಯಲಾಯಿತು. ಮಧ್ಯಾಹ್ನ ಬಾಬು ಬಂದಿದ್ದ. ನಿಮ್ಮಮ್ಮ ನಡುಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಿನ್ನ ಜೊತೆ ಇನ್ನೊಂದು ಲಾರಿಯಲ್ಲಿ ಬಂದ ಮದ್ದೂರಿನ ಡ್ರೈವರು ನಾಗಪುರದಲ್ಲಿ ತೆಗೆದು ಕಳಿಸಿದ ಫೋಟೋ ಬಾಬುವಿನ ಫೋನಿನಲ್ಲಿತ್ತು. ಲಾರಿ ಹಿಂಬದಿ, ಪಕ್ಕದಲ್ಲಿ ಹೆಗಲಿಗೆ ಟವೆಲ್ಲು ಹಾಕಿಕೊಂಡು ನೀನು. “ನೋಡಮ್ಮ ನಿನ್ ಮಗಳ, ದಿಲ್ಲೀನೇ ಕೊಂಡ್ಕೊಂಡವಳಂಗೆ ಎಂಗ್ ನಿಂತವ್ಳೆ” ಅಂತ ಅವನು ಅವಳ ಮುಂದೆ ಹಿಡಿದ. ಅವಳು ಮುಖ ಆ ಕಡೆ ತಿರುಗಿಸಿದಳು. ಬಾಬು ಫೋನನ್ನು ಸೊಪ್ಪಿನ ಮೊರದಲ್ಲೇ ಇಟ್ಟು ನನ್ನ ಜೊತೆ ಮಾತಿಗೆ ಕೂತ. ಇಂಥದರಲ್ಲಿ ಅವನು ನನಗಿಂತ ಗಟ್ಟಿಗ. ಸ್ವಲ್ಪ ಹೊತ್ತಿಗೆ ಓರೆಗಣ್ಣಲ್ಲಿ ನೋಡಿದೆ. ಕೈ ಸೆರಗಿಗೆ ಒರೆಸಿಕೊಂಡಳು. ಫೋನು ಎತ್ತಿಕೊಂಡಳು. ಎರಡು ಬೆರಳಲ್ಲಿ ನಿನ್ನ ಮುಖ ದೊಡ್ಡದು ಮಾಡಿದಳು. ಕೈ ದೊಡ್ಡದು ಮಾಡಿದಳು. ಎಡಗಾಲಿನ ಹತ್ತಿರ ತುಂಬ ಹೊತ್ತು ನಿಂತಳು. ನಿನ್ನ ಮಂಡಿ ಊದಿದೆಯಂತೆ ಅಂತ ಹೋದ ವಾರ ನಾನು ಊಟದ ಹೊತ್ತಿನಲ್ಲಿ ಗೋಡೆಗೆ ಹೇಳಿದ್ದೆ, ಅವಳು ಕೇಳಿಸದವಳ ಹಾಗೆ ಪಾತ್ರೆ ತೊಳೆಯೋಕೆ ಹೋಗಿದ್ದಳು. ಆಮೇಲೆ ಬೆರಳು ಪಕ್ಕಕ್ಕೆ ಸರಿಯಿತು. ಸರಿದು ನಿಂತಿತು.

“ಬಾಬಣ್ಣ, ಈ ಚಪ್ಲಿ ಯಾರ್ದು?”

ನಿನ್ನ ಟ್ರಿಪ್ಪುಗಳ ಗಾಳಿ ಧೂಳಿಗೆ ನನ್ನ ಮಸಿಯೆಲ್ಲ ಉದುರಿಹೋಗಿದೆ ಮಗಾ. ಕಿತ್ತುಹೋಗಿದ್ದ ಬಾರನ್ನು ಅವಳೇ ಕಂಪನಿಯ ಹಸಿರು ದಾರದಲ್ಲಿ ಹೊಲಿದಿದ್ದಳು, ಆ ಹೊಲಿಗೆ ಫೋಟೋದಲ್ಲಿ ಗಿಳಿಮರಿ ಥರ ಎದ್ದು ಕಾಣುತ್ತಿತ್ತು. ಬಾಬು ಮೀಸೆ ಕೆಳಗೆ ನಗುತ್ತಾ, “ಅದ ನಿಮ್ ಮಾವನ್ನ ಕೇಳಮ್ಮ” ಅಂದ. ಅವಳು ನನ್ನ ಕಡೆ ತಿರುಗಿದಳು. ನಾನು ಎಲ್ಲ ಹೇಳಿದೆ, ಜಗುಲಿಯಿಂದ ಶುರುಮಾಡಿ ಬಾಣಲೆ ಮಸಿವರೆಗೂ. ನೀನು ಬರಲ್ಲ ಅಂದೆಯಲ್ಲವ್ವ, ಅದಕ್ಕೆ ಕಾಲಾದರೂ ಹೋಗಲಿ ಅಂತ ಕಳಿಸಿದೆ ಅಂದೆ. ಬೈಗುಳ ಬೀಳುತ್ತದೆ ಅಂತ ತಲೆ ಬಗ್ಗಿಸಿಕೊಂಡು ಕೂತೆ. ಬೀಳಲಿಲ್ಲ. “ಪಾಪದ್ ನಾಯಿನ ಎಷ್ಟ್ ಬೋದ್ಬುಟ್ಟೆ” ಅಂತ ಒಂದೇ ಒಂದು ಮಾತು ಅಂದು, ಅರ್ಧ ಬಿಡಿಸಿದ ಸೊಪ್ಪನ್ನು ಹಾಗೇ ಬಿಟ್ಟು ಒಳಗೆ ಹೋದಳು. ಆಗಿನಿಂದ ನನ್ನ ಜೊತೆಯೂ ಮಾತಿಲ್ಲ. ಈ ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದೆ ಇಟ್ಟು ಬಸ್ಸಿಗೆ ಹೋದಳು. ನಿನ್ನ ಸಾಲಿಗೆ ನನ್ನನ್ನೂ ಸೇರಿಸಿದ್ದಾಳೆ. ಈಗ ನಮ್ಮ ಮನೆಯಲ್ಲಿ ಟವರ್ ಆಗುವವರು ನಿಮ್ಮಪ್ಪ ಒಬ್ಬನೇ, ಅವನಲ್ಲಿ ಹೂಂ ಬಿಟ್ಟು ಬೇರೆ ಸಿಗ್ನಲ್ ಇಲ್ಲ.

ಹಾಗಾಗಿ ಮಗಾ, ನಿಮ್ಮಮ್ಮ ಬಂದೇ ಬರುತ್ತಾಳೆ, ಮಾತಾಡೇ ಆಡುತ್ತಾಳೆ ಅಂತ ಈ ಕಾಗದದಲ್ಲಿ ನಾನು ಬರೆಯುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಿ ಒಂದು ಸಲ ನಿನ್ನ ಮನಸ್ಸು ಮುರಿದಾಯಿತು. ಕೀ ಕೊಡುವುದಾದರೆ ಕೊಡು. ಬೆನ್ನಿಗೆ ಆಗಲ್ಲ, ಮಂಡಿಗೆ ಆಗಲ್ಲ, ರೊಟ್ಟಿ ಸೇರಲ್ಲ, ನನಗೆ ಆ ದಾರಿ ಬೇಸರ ಅಂದರೆ ಯಾವ ನಾಚಿಕೆಯೂ ಇಲ್ಲದೆ ಕೊಟ್ಟು ಬಾ, ಟ್ರ್ಯಾಕ್ಟರು ಇಲ್ಲೇ ಇದೆ. ಆದರೆ ಅಮ್ಮ ತಿರುಗಿ ನೋಡಲಿಲ್ಲ ಅಂತ ಮಾತ್ರ ಕೊಡಬೇಡ. ಡಾಬಾದ ರಿವರ್ಸಿನ ಕಥೆ ಹೇಳುವಾಗ ನಿನ್ನ ದನಿ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ, ಕೇಳಿದವನು ನಾನು. ಆ ದನಿಯನ್ನು ನಾನು ಹೊಸೆದಿದ್ದಲ್ಲ. ಶುಕ್ರವಾರ ಲೋಡಾದ ಮೇಲೆ ನಿಧಾನವಾಗಿ ಬಾ. ಕಣ್ಣು ಎಳೆದರೆ ನಿಲ್ಲಿಸಿ ಮಲಗು. ನಮ್ಮ ಎತ್ತಿಗೆ ಮನೆ ದಾರಿ ಗೊತ್ತಿತ್ತು, ನಾವು ಮಲಗುತ್ತಿದ್ದೆವು. ಲಾರಿಗೆ ಅಷ್ಟು ಬುದ್ಧಿ ಇಲ್ಲ.

ಬಾಬು ಸಂಜೆ ಹೋಗುವಾಗ ಮನೆ ಮುಂದೆ ನಿಲ್ಲಿಸುತ್ತಾನೆ. ಅವನ ಕೈಯಲ್ಲಿ ಕಳಿಸೋಕೆ ಒಂದು ಬಟ್ಟೆ ಗಂಟು ಕಟ್ಟಿಟ್ಟಿದ್ದೇನೆ. ಹುರಿಹಿಟ್ಟು, ಒಂದು ಅಚ್ಚು ಬೆಲ್ಲ, ಎರಡು ಸೋಪು, ಬಾಗಿಲಿಗೆ ಚಿಲಕ ಇಲ್ಲದ ಕಡೆ ಹಾಕಿಕೊಳ್ಳೋಕೆ ಒಂದು ಕೊಕ್ಕೆ. ಹುರಿಹಿಟ್ಟು ಯಶೋದಮ್ಮ ಹುರಿದದ್ದು, ನಾನು ಬೀಸಿಸಿಕೊಂಡು ಬಂದದ್ದು, ಈ ಸಲ ಸಾಕ್ಷಿ ಸಮೇತ ಹೇಳುತ್ತಿದ್ದೇನೆ. ನಾಯಿಗೆ ಬಿಸ್ಕತ್ತು ನಿಲ್ಲಿಸಿದೆ, ಅದು ಈಗ ನಿರಪರಾಧಿ. ನಿಲ್ಲಿಸಿದ್ದಕ್ಕೆ ಅದು ನನ್ನನ್ನು ನೋಡುವ ನೋಟ ನೋಡಿದರೆ ಮತ್ತೆ ಶುರುಮಾಡಬೇಕಾಗುತ್ತದೆ. ನಿನ್ನ ಕಡೆಯಿಂದ ಏನಾದರೂ ಬರೆಯಲಾ ಅಂತ ನಿಮ್ಮಪ್ಪನನ್ನು ಕೇಳಿದೆ. ಹೂಂ ಅಂದ. ಏನು ಅಂದೆ. ಮಗಳು ಚೆನ್ನಾಗಿರಲಿ ಅಂದ, ಕಣ್ಣು ಒರೆಸಿಕೊಂಡ. ಅವನ ಪಾಲಿಗೆ ಅದು ದೊಡ್ಡ ಭಾಷಣ.

ನಿನ್ನ ಮುಂದಿನ ದಾರಿಗೆ ಹಳ್ಳ ಕಮ್ಮಿಯಿರಲಿ, ನೆರಳು ಜಾಸ್ತಿಯಿರಲಿ, ಎದುರಿಗೆ ಬರುವವನಿಗೆ ಒಳ್ಳೇ ಬುದ್ಧಿಯಿರಲಿ. ನನ್ನ ಮೂರೂ ಹಲ್ಲಿನ ಆಶೀರ್ವಾದ ನಿನ್ನ ಹದಿನಾಲ್ಕು ಚಕ್ರಕ್ಕೂ ಇರಲಿ.

ಮಡ್‌ಗಾರ್ಡಿನ ಮೇಲೆ ಕೂತು ನಿನಗೆ ಟ್ರ್ಯಾಕ್ಟರು ಕಲಿಸಿದ,
ಈಗ ಜಗುಲಿಯ ಮೇಲೆ ಕೂತು ಕಾಯುತ್ತಿರುವ
ನಿನ್ನ ತಾತ
ಪುಟ್ಟಮಾದಯ್ಯ

ಮರೆತ ಮಾತು (ಸಂಜೆ ಆರೂ ಮುಕ್ಕಾಲು, ಬಾಬು ಬಾಗಿಲ ಮುಂದೆಯೇ ಲಾರಿ ನಿಲ್ಲಿಸಿಕೊಂಡು ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ): ನಿಮ್ಮಮ್ಮ ಈಗ ಕೆಲಸದಿಂದ ಬಂದಳು. ಕಾಲು ತೊಳೆಯಲಿಲ್ಲ. ನಾನು ಕಟ್ಟಿಟ್ಟ ಗಂಟನ್ನು ಬಿಚ್ಚಿದಳು. ಅಟ್ಟಕ್ಕೆ ಕೈ ಹಾಕಿ ಒಂದು ಪೇಪರಿನ ಪೊಟ್ಟಣ ತೆಗೆದಳು. ಬಲಗಾಲಿನ ಚಪ್ಪಲಿ. ಒಂಟಿ ಚಪ್ಪಲಿಯನ್ನು ಇಷ್ಟು ದಿನ ಯಾರಾದರೂ ಎತ್ತಿಡುತ್ತಾರಾ? ಇವಳು ಇಟ್ಟಿದ್ದಾಳೆ. ಇವತ್ತು ಕಂಪನಿಯಿಂದ ಹಸಿರು ದಾರ ತಂದಿದ್ದಳು, ಅದರ ಬಾರನ್ನೂ ಎರಡು ಸುತ್ತು ಬಿಗಿ ಹೊಲಿದು ಗಂಟಿನೊಳಗೆ ಇಟ್ಟಳು. ಜೊತೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆ ಒಂದು ಬಾಟಲಿ, ಅದು ಮಂಡಿಗೆ. ಬೆಳಿಗ್ಗೆ ನಾನು ಏಳುವುದಕ್ಕೆ ಮೊದಲೇ ಕಾಯಿಸಿಟ್ಟಿದ್ದಳಂತೆ. ಬಾಬುಗೆ ಹೇಳಿದಳು, “ಒಂದೇ ಕಾಲಲ್ಲಿ ಅಷ್ಟ್ ದೂರ ಎಂಗೋಯ್ತದೆ ಬಾಬಣ್ಣ? ಇದ್ನೂ ಜೊತೇಲಿ ಕಟ್ಕೊಳ್ಳಕ್ಕೇಳಿ ಅವ್ಳಿಗೆ.” ನನಗೆ ಹೇಳಿದಳು, “ಮಾವ, ಈ ಗಂಟ್ಗೆ ನೀವ್ ಕೈ ಆಕ್ಬೇಡಿ.” ಅವಳೇ ಕಟ್ಟಿದ್ದಾಳೆ. ನನ್ನ ಮೂರು ಹಲ್ಲಿಗೂ ಬಿಚ್ಚಲಾಗದ ಗಂಟು, ನೋಡಿದರೆ ನಿನಗೇ ಗೊತ್ತಾಗುತ್ತದೆ. ಮಸಿ ಬಳಿದಿಲ್ಲ, ಮೂಸಿ ನೋಡು. ನಂಬದಿದ್ದರೂ ತಪ್ಪಿಲ್ಲ, ನಾನು ಸಂಪಾದಿಸಿದ್ದು ಅಷ್ಟೇ. ಕಟ್ಟುತ್ತೀಯೋ, ಕೀ ಕೊಟ್ಟು ಬರುತ್ತೀಯೋ, ನಿನ್ನಿಷ್ಟ. ಕಟ್ಟಿದರೆ ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆದು ಅವಳ ಫೋನಿಗೇ ಕಳಿಸು. ನನ್ನ ಫೋನಿಗೆ ಕಳಿಸಬೇಡ. ನಾನು ತೋರಿಸಿದರೆ ಅವಳೂ ನಂಬುವುದಿಲ್ಲ.